ಸಾಸಿವೆಗೆ ಬೇಕಂತಲೇ ರೋಗ ಬರಿಸುತ್ತಾರೆ, ಯಾಕೆ ಗೊತ್ತಾ?

ಮಂಡ್ಯ, ಮೈಸೂರು ಕಡೆ ಸಾಸಿವೆಯನ್ನು ಒಂದು ದೊಡ್ಡ ಬೆಳೆ ಅಂತ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು, ಜೋಳದ ಜೊತೆಗೆ ಒಂದಿಷ್ಟು ಸಾಸಿವೆಯನ್ನೂ ಬಿತ್ತುತ್ತಾರೆ, ವರ್ಷದ ಒಗ್ಗರಣೆಗೆ ಆದರೆ ಸಾಕು. ಆದರೆ ಉತ್ತರದಲ್ಲಿ ಕಥೆಯೇ ಬೇರೆ. ರಾಜಸ್ಥಾನ, ಹರಿಯಾಣ, ಉತ್ತರ ಪ್ರದೇಶ, ಮಧ್ಯಪ್ರದೇಶದಲ್ಲಿ ಅದು ಲಕ್ಷಾಂತರ ಹೆಕ್ಟೇರ್‌ನಲ್ಲಿ ಬೆಳೆಯುವ ಎಣ್ಣೆ ಬೆಳೆ. ದೇಶದ ಸಾಸಿವೆಯಲ್ಲಿ ದೊಡ್ಡ ಪಾಲು ರಾಜಸ್ಥಾನದ್ದೇ. ನಮಗೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶದಿಂದ ಬರುತ್ತಿರುವಾಗ, ಅಲ್ಲಿ ಒಂದು ರೋಗ ಬಂದು ಇಳುವರಿ ಬಿದ್ದರೆ ಅದರ ಬಿಸಿ ನಮ್ಮ ದಿನಸಿ ಅಂಗಡಿಗೂ ತಟ್ಟುತ್ತದೆ.

ಈಗ ವಿಷಯಕ್ಕೆ ಬರೋಣ. ಬೀಜದ ಪ್ಯಾಕೆಟ್ ಮೇಲೆ "ರೋಗ ನಿರೋಧಕ, ಅಧಿಕ ಇಳುವರಿ" ಅಂತ ಬರೆದಿರುತ್ತದಲ್ಲ, ಸಾಸಿವೆ ಇರಲಿ, ರಾಗಿ ಇರಲಿ, ಭತ್ತ ಇರಲಿ. ಅದನ್ನು ಯಾರು, ಹೇಗೆ ತೀರ್ಮಾನ ಮಾಡಿದರು? ಹೊಲದಲ್ಲಿ ಬಿತ್ತಿದೆವು, ರೋಗ ಬರಲಿಲ್ಲ, ಹಾಗಾಗಿ ನಿರೋಧಕ ಅಂತ ಬರೆದೆವು ಅಂದರೆ ನಡೆಯುವುದಿಲ್ಲ. ರೋಗ ಬರದೇ ಇರುವುದು ಬೇರೆ, ಬಂದ ರೋಗವನ್ನು ಗಿಡ ತಡೆಯುವುದು ಬೇರೆ. ಈ ಎರಡನ್ನು ಬೇರ್ಪಡಿಸುವುದೇ ತಳಿ ಪರೀಕ್ಷೆಯ ಇಡೀ ಕೆಲಸ, ಅದಕ್ಕೇ ಅದು ಇಷ್ಟು ವರ್ಷ ಹಿಡಿಯುತ್ತದೆ.

ಮೊದಲು ರೋಗಗಳನ್ನು ಸ್ವಲ್ಪ ನೋಡಿಕೊಳ್ಳಿ, ಇಲ್ಲದಿದ್ದರೆ ಮುಂದಿನದ್ದು ತಲೆಗೆ ಹೋಗುವುದಿಲ್ಲ.

ಸಾಸಿವೆಗೆ ಮುಖ್ಯವಾಗಿ ಮೂರು ಕಾಟ. ಒಂದು, ಆಲ್ಟರ್ನೇರಿಯಾ ಅಂಗಮಾರಿ. ಎಲೆ ಮೇಲೆ ಒಂದರೊಳಗೊಂದು ಬಳೆ ಇಟ್ಟ ಹಾಗೆ ಕಂದು ಚುಕ್ಕೆ ಬರುತ್ತದೆ, ಆಮೇಲೆ ಕಾಂಡಕ್ಕೆ, ಕಾಯಿಗೆ ಹತ್ತುತ್ತದೆ. ಕಾಯಿಗೆ ಹತ್ತಿದರೆ ಕಾಳು ಜೊಳ್ಳಾಗಿ ಎಣ್ಣೆ ಕಮ್ಮಿಯಾಗುತ್ತದೆ. ಎರಡು, ಬಿಳಿ ತುಕ್ಕು. ಎಲೆಯ ಕೆಳಭಾಗದಲ್ಲಿ ಸುಣ್ಣ ಚಿಮುಕಿಸಿದಂತಹ ಬಿಳಿ ಗುಳ್ಳೆ. ಇದರ ಇನ್ನೊಂದು ಮುಖ ಹೂಗೊಂಚಲಲ್ಲಿ ಕಾಣಿಸುತ್ತದೆ. ಗೊಂಚಲೇ ಊದಿಕೊಂಡು ಸೊಟ್ಟಗಾಗಿ ಅದರಲ್ಲಿ ಒಂದು ಕಾಳೂ ಕಟ್ಟುವುದಿಲ್ಲ. ಎಲೆ ಮೇಲಿನ ಗುಳ್ಳೆಗಿಂತ ಇದೇ ರೈತನ ಜೇಬಿಗೆ ಜಾಸ್ತಿ ಕತ್ತರಿ ಹಾಕುವುದು. ಮೂರು, ಸ್ಕ್ಲೆರೋಟಿನಿಯಾ ಕಾಂಡ ಕೊಳೆ. ಕಾಂಡ ಬಿಳಿಚಿಕೊಂಡು ಮುರಿದು ಬೀಳುತ್ತದೆ, ಸೀಳಿ ನೋಡಿದರೆ ಒಳಗೆ ಕಪ್ಪು ಗಟ್ಟಿ ಗಂಟುಗಳು. ಆ ಗಂಟು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಇವಲ್ಲದೆ ಬೂದಿ ರೋಗ ಇದೆ, ಬೂಜು ತುಪ್ಪಟ ಇದೆ. ಗಿಡಹೇನಿನ ಕಾಟವಂತೂ ಕೇಳುವುದೇ ಬೇಡ, ಆದರೆ ಅದು ರೋಗವಲ್ಲ, ಕೀಟ.

ಒಂದು ಹೊಲದಲ್ಲಿ ಐವತ್ತು ತಳಿ ಬಿತ್ತಿದ್ದಾರೆ ಅಂದುಕೊಳ್ಳಿ. ಆ ವರ್ಷ ಚಳಿಗಾಲದಲ್ಲಿ ಇಬ್ಬನಿ ಕಮ್ಮಿ, ಮೋಡ ಇಲ್ಲ. ಬಿಳಿ ತುಕ್ಕು ಬರಲೇ ಇಲ್ಲ. ಐವತ್ತೂ ಹಸುರಾಗಿ ನಿಂತಿವೆ. ಇಷ್ಟಕ್ಕೇ ಐವತ್ತೂ ನಿರೋಧಕ ಅಂದುಬಿಟ್ಟರೆ, ಪರೀಕ್ಷೆಯನ್ನೇ ನಡೆಸದೆ ಇಡೀ ತರಗತಿಯನ್ನು ಪಾಸ್ ಮಾಡಿದಂತೆ. ಇನ್ನೂ ಒಂದು ಮೋಸ ಇದೆ. ಬೇಗ ಮಾಗುವ ತಳಿಗಳು ರೋಗ ಜೋರಾಗುವ ಹೊತ್ತಿಗೆ ಕೊಯ್ಲಿಗೇ ಬಂದಿರುತ್ತವೆ. ಅವಕ್ಕೆ ತಡೆಯುವ ಶಕ್ತಿ ಇಲ್ಲ, ತಪ್ಪಿಸಿಕೊಂಡಿವೆ ಅಷ್ಟೇ. ಸುಮ್ನೆ ನೋಡಿದರೆ ಎರಡೂ ಒಂದೇ ತರ ಕಾಣುತ್ತವೆ.

ಹಾಗಾಗಿ ವಿಜ್ಞಾನಿಗಳು ರೋಗಕ್ಕೆ ಕಾಯುತ್ತಾ ಕೂರುವುದಿಲ್ಲ. ತಾವೇ ತರುತ್ತಾರೆ.

ಹೇಗೆ ಅಂದರೆ, ಮೊದಲ ಉಪಾಯ ಬಿತ್ತನೆ ತಡ ಮಾಡುವುದು. ಉತ್ತರದಲ್ಲಿ ಸಾಸಿವೆ ಬಿತ್ತುವ ಹದ ಅಕ್ಟೋಬರ್. ಅದನ್ನು ನವೆಂಬರ್‌ಗೆ ತಳ್ಳಿದರೆ ಗಿಡದ ಎಳೆ ವಯಸ್ಸು, ಹೂವಿನ ಕಾಲ ಎಲ್ಲ ಕೊರೆಯುವ ಚಳಿ, ಇಬ್ಬನಿಗೆ ಸಿಕ್ಕಿ ಬಿಳಿ ತುಕ್ಕು, ಅಂಗಮಾರಿ ಎರಡೂ ಚೆನ್ನಾಗಿ ಹತ್ತುತ್ತವೆ. ಎರಡನೆಯದು, ಪರೀಕ್ಷೆಯ ತಳಿಗಳ ಮಧ್ಯೆ ಮಧ್ಯೆ ಮತ್ತು ಸುತ್ತಲೂ ರೋಗಕ್ಕೆ ಸುಲಭವಾಗಿ ತುತ್ತಾಗುವ ತಳಿಯ ಸಾಲು ಹಾಕುವುದು. ಅಲ್ಲಿ ರೋಗ ಮೊದಲು ಹತ್ತಿ, ಬೀಜಕಣಗಳು ಗಾಳಿಯಲ್ಲಿ ಅಕ್ಕಪಕ್ಕದ ಎಲ್ಲ ತಳಿಗಳಿಗೂ ಹೆಚ್ಚುಕಡಿಮೆ ಸಮನಾಗಿ ಹಂಚಿಕೆಯಾಗುತ್ತವೆ. ಸಾಸಿವೆಯಲ್ಲಿ ಹೀಗೆ ಬಳಸುವ ತಳಿಗಳಲ್ಲಿ ವರುಣ ಒಂದು. ಹಳೆಯ ತಳಿ, ಒಂದು ಕಾಲದಲ್ಲಿ ಬಹಳ ಹೆಸರು ಮಾಡಿದ್ದು, ಇಳುವರಿ ಚೆನ್ನಾಗಿ ಕೊಡುತ್ತಿತ್ತು, ಆದರೆ ಬಿಳಿ ತುಕ್ಕು ಬಂದರೆ ತಡೆಯುವುದಿಲ್ಲ. ಆ ದೌರ್ಬಲ್ಯವೇ ಈಗ ಅದರ ಉಪಯೋಗ. ವರುಣದ ಸಾಲಿನಲ್ಲಿ ರೋಗ ಜೋರಾಗಿ ಬಂದಿದ್ದರೆ ಮಾತ್ರ ಆ ವರ್ಷದ ಲೆಕ್ಕ ಲೆಕ್ಕ. ಅದೂ ಹಸುರಾಗಿಯೇ ನಿಂತಿದ್ದರೆ ಇಡೀ ಪ್ರಯೋಗದಿಂದ ನಿರೋಧಕ ಶಕ್ತಿ ಬಗ್ಗೆ ಏನೂ ಹೇಳುವಂತಿಲ್ಲ, ಮುಂದಿನ ವರ್ಷ ಮತ್ತೆ ಮಾಡಬೇಕು.

ಮೂರನೆಯದು ನೇರವಾಗಿ ರೋಗಾಣು ಹಾಕುವುದು. ಇಲ್ಲಿ ಒಂದೊಂದು ರೋಗಕ್ಕೆ ಒಂದೊಂದು ದಾರಿ, ನನಗೆ ಇಡೀ ವಿಷಯದಲ್ಲಿ ತುಂಬಾ ಹಿಡಿಸುವ ಭಾಗ ಇದು. ಆಲ್ಟರ್ನೇರಿಯಾ ಶಿಲೀಂಧ್ರವನ್ನು ಲ್ಯಾಬಿನಲ್ಲಿ ತಟ್ಟೆಯಲ್ಲಿ ಬೆಳೆಸಬಹುದು. ಬೀಜಕಣಗಳನ್ನು ನೀರಲ್ಲಿ ಕದಡಿ, ಒಂದು ಹನಿಯಲ್ಲಿ ಎಷ್ಟಿವೆ ಅಂತ ಸೂಕ್ಷ್ಮದರ್ಶಕದಲ್ಲಿ ಎಣಿಸಿ, ಸಂಜೆ ಹೊತ್ತು ಗಿಡಕ್ಕೆ ಸಿಂಪಡಿಸುತ್ತಾರೆ. ಸಂಜೆಯೇ ಯಾಕೆ? ಎಲೆ ರಾತ್ರಿಯಿಡೀ ಒದ್ದೆಯಾಗಿದ್ದರೆ ತಾನೇ ಬೀಜಕಣ ಮೊಳೆಯುವುದು. ಬಿಳಿ ತುಕ್ಕಿನದು ಹಾಗಲ್ಲ. ಅಲ್ಬ್ಯುಗೊ ಅನ್ನುವ ಈ ಜೀವಿ ಬದುಕಿರುವ ಗಿಡದ ಮೇಲೆ ಮಾತ್ರ ಬೆಳೆಯುತ್ತದೆ, ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. ಅದಕ್ಕೇ ಪ್ರಯೋಗ ಮಾಡುವವರು ರೋಗ ಬಂದ ಗಿಡಗಳನ್ನೇ ಜೋಪಾನ ಮಾಡಿ ಇಟ್ಟುಕೊಳ್ಳಬೇಕು, ಅದರಿಂದ ಇದಕ್ಕೆ, ಇದರಿಂದ ಇನ್ನೊಂದಕ್ಕೆ ಅಂತ ದಾಟಿಸುತ್ತಾ ಇರಬೇಕು. ಬಿಳಿ ಗುಳ್ಳೆಯ ಪುಡಿಯನ್ನು ತಣ್ಣನೆ ನೀರಲ್ಲಿ ನೆನೆಸಿದರೆ ಅದರಿಂದ ಈಜುವ ಕಣಗಳು ಹೊರಬರುತ್ತವೆ, ಅವನ್ನು ಎಳೆ ಎಲೆಗಳ ಮೇಲೆ ಹಾಕುತ್ತಾರೆ. ಅಂದಹಾಗೆ ಇದು ನಿಜವಾದ ಶಿಲೀಂಧ್ರವೂ ಅಲ್ಲ, ಪಾಚಿಯ ದೂರದ ನೆಂಟ.

ಕಾಂಡ ಕೊಳೆಗಾದರೆ ಗಿಡ ಹೂವಾಡುವಾಗ ಕಾಂಡದ ಮೇಲೆ ಶಿಲೀಂಧ್ರ ಬೆಳೆದ ಸಣ್ಣ ತುಂಡೊಂದನ್ನು ಇಟ್ಟು, ಒಣಗದಂತೆ ಪಟ್ಟಿ ಸುತ್ತುತ್ತಾರೆ. ಎರಡು ಮೂರು ವಾರ ಬಿಟ್ಟು ಸ್ಕೇಲ್ ಹಿಡಿದು ಕೊಳೆತ ಭಾಗದ ಉದ್ದ ಅಳೆಯುತ್ತಾರೆ. ಒಂದು ತಳಿಯಲ್ಲಿ ಎರಡು ಸೆಂಟಿಮೀಟರ್, ಇನ್ನೊಂದರಲ್ಲಿ ಹದಿನೈದು ಅಂದರೆ ಮಾತು ಮುಗಿಯಿತು. ಇದಕ್ಕೆ ಪೂರ್ತಿ ನಿರೋಧಕ ತಳಿ ಸಾಸಿವೆಯಲ್ಲಿ ಸಿಕ್ಕಿಲ್ಲ, ಇರುವವುಗಳಲ್ಲೇ ಹೆಚ್ಚು ತಡೆಯುವುದನ್ನು ಆರಿಸಿಕೊಳ್ಳಬೇಕು.

ರೋಗ ಬಂತು. ಈಗ ಅಳತೆ. "ಜಾಸ್ತಿ ಬಂದಿದೆ", "ಅಷ್ಟೇನಿಲ್ಲ" ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ, ನನ್ನ ಜಾಸ್ತಿ ನಿಮ್ಮ ಕಮ್ಮಿ ಆಗಬಹುದು. ಅದಕ್ಕೇ 0ಯಿಂದ 9ರವರೆಗೆ ಒಂದು ಅಂಕದ ಪಟ್ಟಿ ಇದೆ. ಎಲೆಯ ಮೇಲೆ ಏನೂ ಇಲ್ಲದಿದ್ದರೆ 0. ನೂರಕ್ಕೆ 5 ಭಾಗದವರೆಗೆ ರೋಗ ಇದ್ದರೆ 1, 10ರವರೆಗೆ 3, 25ರವರೆಗೆ 5, 50ರವರೆಗೆ 7, ಅರ್ಧಕ್ಕಿಂತ ಜಾಸ್ತಿ ಹೋಗಿದ್ದರೆ 9. ಹತ್ತು ಎಲೆ ನೋಡಿದಿರಿ ಅಂದುಕೊಳ್ಳಿ. ನಾಲ್ಕು ಎಲೆಗೆ 1, ಮೂರಕ್ಕೆ 3, ಎರಡಕ್ಕೆ 5, ಒಂದಕ್ಕೆ 7 ಅಂಕ ಬಂತು. ಕೂಡಿದರೆ 4, 9, 10, 7, ಒಟ್ಟು 30. ಹತ್ತೂ ಎಲೆಗೆ 9 ಬಂದಿದ್ದರೆ 90 ಆಗುತ್ತಿತ್ತು. 30ನ್ನು 90ರಿಂದ ಭಾಗಿಸಿ ನೂರರಿಂದ ಗುಣಿಸಿ, 33.3. ಇದು ಆ ತಳಿಯ ರೋಗ ಸೂಚ್ಯಂಕ. ಇಷ್ಟೇ ಗಣಿತ, ಹೆಸರು ಕೇಳಿದರೆ ಮಾತ್ರ ದೊಡ್ಡದು.

ಒಂದೇ ಸಲ ನೋಡಿದರೆ ಸಾಲದು. ಕೆಲವು ತಳಿಗಳಲ್ಲಿ ರೋಗ ಬೇಗ ಬಂದು ಅಲ್ಲೇ ನಿಲ್ಲುತ್ತದೆ, ಕೆಲವದರಲ್ಲಿ ತಡವಾಗಿ ಶುರುವಾಗಿ ಒಂದೇ ಏಟಿಗೆ ಏರುತ್ತದೆ. ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ ಅಂಕ ಹಾಕಿ ಗ್ರಾಫ್ ಬರೆದು, ಆ ಗೆರೆಯ ಕೆಳಗಿನ ಜಾಗ ಎಷ್ಟು ಅಂತ ಲೆಕ್ಕ ಹಾಕುತ್ತಾರೆ. ಜಾಗ ಕಮ್ಮಿ ಇದ್ದಷ್ಟೂ ಗಿಡ ರೋಗವನ್ನು ನಿಧಾನ ಮಾಡಿದೆ ಅಂತ. ಬಿಳಿ ತುಕ್ಕಿನಲ್ಲಿ ಎಲೆಯ ಅಂಕ ಬೇರೆ, ಊದಿದ ಹೂಗೊಂಚಲಿನ ಲೆಕ್ಕ ಬೇರೆ. ಎಲೆಯಲ್ಲಿ ಒಳ್ಳೆಯವ ಅನ್ನಿಸಿಕೊಂಡ ತಳಿ ಗೊಂಚಲಲ್ಲಿ ಕೈ ಕೊಟ್ಟಿರಬಹುದು. ರಾಗಿ ಬೆಂಕಿ ರೋಗ ನೋಡಿದವರಿಗೆ ಇದು ಹೊಸದಲ್ಲ, ಅಲ್ವಾ? ಎಲೆ ಬೆಂಕಿ, ಕುತ್ತಿಗೆ ಬೆಂಕಿ, ತೆನೆ ಬೆಂಕಿ ಅಂತ ಮೂರು ಹಂತ. ಎಲೆಯಲ್ಲಿ ನಾಲ್ಕು ಚುಕ್ಕೆ ಬಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಕುತ್ತಿಗೆಗೆ ಬಂದರೆ ತೆನೆ ಜೊಳ್ಳು.

ಇನ್ನು ಇಳುವರಿ. ಬಿಳಿ ತುಕ್ಕಿನಂತಹ ರೋಗಕ್ಕೆ ನಿರೋಧಕ ತಳಿ ಹುಡುಕುವುದು ಅಷ್ಟು ಕಷ್ಟವಲ್ಲ, ನಿರೋಧಕವೂ ಆಗಿ ಕಾಳೂ ಕೊಡುವ ತಳಿ ಹುಡುಕುವುದು ಕಷ್ಟ. ಬಿಳಿ ತುಕ್ಕನ್ನು ಗಟ್ಟಿಯಾಗಿ ತಡೆಯುವ ಡಾನ್ಸ್ಕಾಯಾ, ಹೀರಾ ತರಹದ ಸಾಸಿವೆಗಳು ಪೂರ್ವ ಯೂರೋಪಿನ ಬಗೆಯವು. ನಮ್ಮ ಹವಾಮಾನಕ್ಕೆ ತಂದು ಬಿತ್ತಿದರೆ ಹೂವು ತಡ, ಕಾಳು ಸಣ್ಣ, ಇಳುವರಿ ಕಮ್ಮಿ. ಚೀನಾದ ತುಮಿಡಾ ಅನ್ನುವುದೂ ತುಕ್ಕನ್ನು ತಡೆಯುತ್ತದೆ, ಆದರೆ ಅದು ಊದಿದ ಕಾಂಡಕ್ಕಾಗಿ ಬೆಳೆಸುವ ತರಕಾರಿ ಸಾಸಿವೆ. ಅಂಗಮಾರಿಯದು ಇನ್ನೂ ಗೋಳು. ನಾವು ಬೆಳೆಯುವ ಸಾಸಿವೆ ಜಾತಿಯೊಳಗೆ ಅದನ್ನು ಪೂರ್ತಿ ತಡೆಯುವ ತಳಿಯೇ ಇಲ್ಲ, ಬಿಳಿ ಸಾಸಿವೆ, ಕ್ಯಾಮೆಲಿನಾದಂತಹ ದೂರದ ಸಂಬಂಧಿಗಳಲ್ಲಿ ಆ ಗುಣ ಇದೆ. ಅಲ್ಲಿಂದ ಇಲ್ಲಿಗೆ ತರುವುದು ಸುಲಭದ ಮಾತಲ್ಲ, ಜಾತಿ ದೂರವಾದಷ್ಟೂ ಅಡ್ಡ ಹಾಯಿಸಿದರೆ ಕಾಳು ಕಟ್ಟುವುದು ಕಮ್ಮಿ.

ತುಕ್ಕಿನ ವಿಷಯದಲ್ಲಿ ಮಾತ್ರ ಒಂದು ಒಳ್ಳೆ ದಾರಿ ಸಿಕ್ಕಿದೆ. ಡಾನ್ಸ್ಕಾಯಾದಲ್ಲಿ ನಿರೋಧಕ ಶಕ್ತಿಗೆ ಕಾರಣವಾದ ವಂಶವಾಹಿ ಯಾವುದು ಅಂತ ದೆಹಲಿ ವಿಶ್ವವಿದ್ಯಾಲಯದವರು ಗುರುತಿಸಿದರು. ಈಗ ಅದನ್ನು ವರುಣದಂತಹ ತಳಿಯೊಂದಿಗೆ ಅಡ್ಡ ಹಾಯಿಸಿ, ಬಂದ ಸಸಿಗಳಲ್ಲಿ ಆ ವಂಶವಾಹಿ ಇರುವುದನ್ನು ಎಲೆಯ ಚೂರಿನಿಂದಲೇ ಪತ್ತೆ ಮಾಡಿ, ಅವನ್ನು ಮಾತ್ರ ಮತ್ತೆ ವರುಣಕ್ಕೆ ಹಾಯಿಸಿ, ಹೀಗೆ ನಾಲ್ಕೈದು ತಲೆಮಾರು ಮಾಡಿದರೆ ಉಳಿದೆಲ್ಲ ವರುಣ, ತುಕ್ಕು ತಡೆಯುವ ಗುಣ ಒಂದು ಮಾತ್ರ ಹೊರಗಿನದು. ಇದು ಕುಲಾಂತರಿ ಅಲ್ಲ, ಸಾಸಿವೆಯಿಂದ ಸಾಸಿವೆಗೇ ಬಂದದ್ದು. ಪೇಪರಿನಲ್ಲಿ ಸುದ್ದಿ ಮಾಡಿದ ಕುಲಾಂತರಿ ಸಾಸಿವೆ ಡಿಎಂಎಚ್ 11 ಬೇರೆ ವಿಷಯ. 2022ರ ಅಕ್ಟೋಬರ್‌ನಲ್ಲಿ ಅದಕ್ಕೆ ಶಿಫಾರಸು ಸಿಕ್ಕಿದ್ದು ಹೈಬ್ರಿಡ್ ಬೀಜ ತಯಾರಿಸುವ ತಂತ್ರಕ್ಕೆ, ರೋಗ ತಡೆಯುವ ಗುಣಕ್ಕಲ್ಲ. ಎರಡನ್ನೂ ಕಲಸಿ ಮಾತಾಡುವವರು ಬಹಳ.

ಇಳುವರಿ ಅಳೆಯುವುದೂ ಸುಮ್ನೆ ತೂಕ ಹಾಕುವುದಲ್ಲ. ಹೊಲ ಅಂದ ಮೇಲೆ ಒಂದು ಕಡೆ ತಗ್ಗು, ಒಂದು ಕಡೆ ಗೊಬ್ಬರ ಜಾಸ್ತಿ, ಬದುವಿನ ಪಕ್ಕ ಮರದ ನೆರಳು. ಒಂದು ತಳಿ ಒಳ್ಳೆ ಜಾಗಕ್ಕೆ ಬಿದ್ದು ಗೆದ್ದರೆ ಅದು ತಳಿಯ ಗೆಲುವಲ್ಲ, ಜಾಗದ ಗೆಲುವು. ಹಾಗಾಗಿ ಹೊಲವನ್ನು ಮೂರು ಪಟ್ಟಿ ಮಾಡಿ, ಪ್ರತಿ ಪಟ್ಟಿಯಲ್ಲೂ ಎಲ್ಲ ತಳಿಗಳನ್ನೂ ಚೀಟಿ ಎತ್ತಿದಂತೆ ಹಿಂದೆ ಮುಂದೆ ಮಾಡಿ ಬಿತ್ತುತ್ತಾರೆ. ಅಂಚಿನ ಸಾಲು ಬಿಟ್ಟು ಒಳಗಿನದು ಮಾತ್ರ ಕೊಯ್ಯುತ್ತಾರೆ, ಯಾಕಂದರೆ ಅಂಚಿನ ಗಿಡಕ್ಕೆ ಗಾಳಿ ಬೆಳಕು ಜಾಸ್ತಿ. ಐದು ಮೀಟರ್ ಉದ್ದ, ಮೂರು ಮೀಟರ್ ಅಗಲದ ತಾಕಿನಲ್ಲಿ 2.4 ಕೆಜಿ ಕಾಳು ಬಂತು ಅಂದರೆ ಹೆಕ್ಟೇರಿಗೆ 16 ಕ್ವಿಂಟಾಲ್, ನಮ್ಮ ಲೆಕ್ಕದಲ್ಲಿ ಎಕರೆಗೆ ಸುಮಾರು ಆರೂವರೆ ಕ್ವಿಂಟಾಲ್. ನೋಡಿ, ಆ ಸಣ್ಣ ತಾಕಿನಲ್ಲಿ ನೂರು ಗ್ರಾಂ ಆಚೀಚೆ ಆದರೂ ಹೆಕ್ಟೇರಿನ ಲೆಕ್ಕದಲ್ಲಿ ಸುಮಾರು 67 ಕೆಜಿಯಷ್ಟು ತಪ್ಪುತ್ತದೆ. ಅದಕ್ಕೇ ವರದಿಗಳಲ್ಲಿ ಕೊನೆಗೆ ಒಂದು ಅಂಕಿ ಕೊಡುತ್ತಾರೆ, ಎರಡು ತಳಿಗಳ ಅಂತರ ಇದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ನಿಜವಾದ ಅಂತರ ಅಂತ. ಆ ಅಂಕಿ ಒಂದೂವರೆ ಕ್ವಿಂಟಾಲ್ ಇದ್ದು, ಮೊದಲನೇ ತಳಿ ಎರಡನೆಯದಕ್ಕಿಂತ ಒಂದು ಕ್ವಿಂಟಾಲ್ ಮುಂದಿದ್ದರೆ, ಮೊದಲನೆಯದು ಗೆದ್ದಿತು ಅಂತ ಜಾಹೀರಾತು ಕೊಡಬಹುದು, ಆದರೆ ಅದು ಅಂದಾಜಿನ ಆಟ.

ಎರಡನ್ನೂ ಒಟ್ಟಿಗೆ ಹೇಗೆ ನೋಡುವುದು? ನನಗೆ ಎಲ್ಲಕ್ಕಿಂತ ಸರಿ ಅನ್ನಿಸುವುದು ಜೋಡಿ ತಾಕಿನ ಪ್ರಯೋಗ. ಪ್ರತಿ ತಳಿಯನ್ನೂ ಎರಡು ಕಡೆ ಬಿತ್ತುತ್ತಾರೆ. ಒಂದು ಕಡೆ ಔಷಧಿ ಹೊಡೆದು ರೋಗ ಬರದಂತೆ ಕಾಯುತ್ತಾರೆ, ಇನ್ನೊಂದು ಕಡೆ ರೋಗಕ್ಕೆ ಬಿಟ್ಟುಬಿಡುತ್ತಾರೆ. ಗಿಡಹೇನಿಗೆ ಮಾತ್ರ ಎರಡೂ ಕಡೆ ಔಷಧಿ ಹೊಡೆಯಬೇಕು, ಇಲ್ಲದಿದ್ದರೆ ಹೇನು ತಿಂದದ್ದೂ ರೋಗದ ಲೆಕ್ಕಕ್ಕೆ ಹೋಗುತ್ತದೆ. ಅಂಕಿಗಳನ್ನು ಉದಾಹರಣೆಗೆ ಹೀಗಿಟ್ಟುಕೊಳ್ಳಿ. ಮೊದಲನೇ ತಳಿ ಔಷಧಿ ಹೊಡೆದಾಗ 18 ಕ್ವಿಂಟಾಲ್, ಹೊಡೆಯದಿದ್ದಾಗ 12. ಎರಡನೆಯದು 14 ಮತ್ತು 13. ಮೂರನೆಯದು 17 ಮತ್ತು ಹದಿನೈದೂವರೆ. ರೋಗದ ಅಂಕ ಮಾತ್ರ ನೋಡುವವರು ಎರಡನೆಯದನ್ನು ಎತ್ತಿಕೊಳ್ಳುತ್ತಾರೆ, ನಷ್ಟ ನೂರಕ್ಕೆ 7 ಅಷ್ಟೇ. ಇಳುವರಿ ಮಾತ್ರ ನೋಡುವವರು ಮೊದಲನೆಯದಕ್ಕೆ ಕೈ ಹಾಕುತ್ತಾರೆ, ಅದು ರೋಗ ಬಂದ ವರ್ಷ ಮೂರರಲ್ಲಿ ಒಂದು ಪಾಲು ಕಳೆದುಕೊಳ್ಳುತ್ತದೆ. ರೈತನಿಗೆ ಬೇಕಾದದ್ದು ಮೂರನೆಯದು. ಎರಡೂ ಪಟ್ಟಿಯಲ್ಲಿ ಮೊದಲ ಸ್ಥಾನ ಬಾರದೇ ಇದ್ದರೂ, ರೋಗ ಬಂದ ವರ್ಷ ಮನೆಗೆ ಜಾಸ್ತಿ ಕಾಳು ತರುವುದು ಅದೇ.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕೆಲವು ತಳಿಗೆ ರೋಗ ಕಣ್ಣಿಗೆ ಕಾಣುವಷ್ಟು ಬರುತ್ತದೆ, ಆದರೂ ಇಳುವರಿ ಅಷ್ಟಾಗಿ ಬೀಳುವುದಿಲ್ಲ. ತಡೆಯುವುದಿಲ್ಲ, ತಾಳಿಕೊಳ್ಳುತ್ತದೆ. ಅಂಕದ ಪಟ್ಟಿ ಮಾತ್ರ ಹಿಡಿದು ಹೋದರೆ ಇಂಥವು ಮೊದಲ ಸುತ್ತಿನಲ್ಲೇ ಕಸದ ಬುಟ್ಟಿಗೆ ಹೋಗುತ್ತವೆ.

ಒಂದು ಊರಲ್ಲಿ ಗೆದ್ದರೆ ಸಾಲದು, ಒಂದು ವರ್ಷ ಗೆದ್ದರೂ ಸಾಲದು. ರಾಜಸ್ಥಾನದ ಭರತ್‌ಪುರದಲ್ಲಿ ಸಾಸಿವೆಗೇ ಅಂತ ಒಂದು ಸಂಶೋಧನಾ ಸಂಸ್ಥೆ ಇದೆ, 1993ರಲ್ಲಿ ರಾಷ್ಟ್ರೀಯ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ಅಖಿಲ ಭಾರತ ಯೋಜನೆಯಡಿ ಬೇರೆ ಬೇರೆ ರಾಜ್ಯಗಳಲ್ಲಿ ಒಂದೇ ತಳಿಗಳ ಗುಂಪನ್ನು ಬಿತ್ತುತ್ತಾರೆ. ತಳಿಗಳಿಗೆ ಹೆಸರಿನ ಬದಲು ಗುಪ್ತ ಸಂಖ್ಯೆ ಇರುತ್ತದೆ, ಯಾರದು ಯಾವುದು ಅಂತ ಅಂಕ ಹಾಕುವವರಿಗೆ ಗೊತ್ತಾಗಬಾರದು. ಮೊದಲ ಹಂತ ಒಂದು ವರ್ಷ, ಗೆದ್ದವು ಮುಂದಿನ ಹಂತಕ್ಕೆ ಇನ್ನೆರಡು ವರ್ಷ. ಮೂರೂ ವರ್ಷ ನಿಂತದ್ದು ಮಾತ್ರ ಬಿಡುಗಡೆಯ ಮಾತಿಗೆ ಬರುತ್ತದೆ. ಅಷ್ಟಾದರೂ ಕೆಲವು ವರ್ಷಗಳ ಮೇಲೆ ತುಕ್ಕು ರೋಗಾಣುವಿನ ಹೊಸ ಬಗೆಯೊಂದು ಹುಟ್ಟಿ ಆ ನಿರೋಧಕ ಶಕ್ತಿಯನ್ನು ಮುರಿಯಬಹುದು. ಒಂದೇ ವಂಶವಾಹಿಯ ಮೇಲೆ ನಿಂತ ನಿರೋಧಕ ಶಕ್ತಿಗೆ ಈ ಅಪಾಯ ಜಾಸ್ತಿ, ಅದಕ್ಕೇ ಈಗ ಎರಡು ಮೂರು ಮೂಲಗಳನ್ನು ಒಂದೇ ತಳಿಯಲ್ಲಿ ಸೇರಿಸುವ ಕೆಲಸ ನಡೆಯುತ್ತದೆ.

ಇದೆಲ್ಲ ನಮ್ಮ ಜಿಲ್ಲೆಗೆ ದೂರದ ಮಾತು ಅನ್ನಿಸಬಹುದು. ಅಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ರಾಗಿಗೆ ಆಗಿದ್ದೂ ಇದೇ ಬಗೆಯ ಕೆಲಸ. ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಅಡ್ಡ ಹಾಯಿಸಿ ಇಂಡಾಫ್ ತಳಿಗಳನ್ನು ಕೊಟ್ಟದ್ದು ಅಲ್ಲೇ. ಹೊರಗಿನದರಿಂದ ಒಳ್ಳೆ ಗುಣ, ನಮ್ಮದರಿಂದ ನಮ್ಮ ಮಣ್ಣಿಗೆ ಒಗ್ಗುವ ಗುಣ. ಡಾನ್ಸ್ಕಾಯಾವನ್ನು ವರುಣಕ್ಕೆ ಹಾಯಿಸುವವರ ಲೆಕ್ಕವೂ ಅದೇ. ಆಮೇಲೆ ಬಂದ ಜಿಪಿಯು 28, ಎಂಆರ್, ಕೆಎಂಆರ್ ಸಾಲಿನ ರಾಗಿಗಳನ್ನು ನೋಡುವಾಗಲೂ ಬೆಂಕಿ ರೋಗ ಎಷ್ಟು, ಇಳುವರಿ ಎಷ್ಟು ಅನ್ನುವ ಜೋಡಿ ಪ್ರಶ್ನೆ ಬಿಡಲಿಲ್ಲ.

ಹಾಗಂತ ಭರತ್‌ಪುರದಲ್ಲಿ ಮೊದಲು ಬಂದ ಸಾಸಿವೆಯನ್ನು ತಂದು ಪಾಂಡವಪುರದಲ್ಲಿ ಬಿತ್ತಿದರೆ ಅದೇ ಫಲ ಬರುತ್ತದೆ ಅಂತಲ್ಲ. ಅಲ್ಲಿನ ಕೊರೆಯುವ ಚಳಿ ಇಲ್ಲಿಲ್ಲ, ಹಗಲು ರಾತ್ರಿಯ ಉದ್ದವೂ ಬೇರೆ. ಇಲ್ಲಿ ಬಿಳಿ ತುಕ್ಕಿಗಿಂತ ಒಣ ಹವೆಯ ಬೂದಿ ರೋಗ, ಗಿಡಹೇನು ತಲೆನೋವಾಗಬಹುದು. ಯಾರಾದರೂ ಹೊಸ ಸಾಸಿವೆ ಹಾಕಿ ನೋಡಬೇಕು ಅಂತಿದ್ದರೆ ಎಕರೆಗಟ್ಟಲೆ ಬೇಡ. ಒಂದೆರಡು ಗುಂಟೆ ಸಾಕು. ಪಕ್ಕದಲ್ಲೇ ನಿಮ್ಮ ಮನೆಯ ಅಕ್ಕಡಿ ಸಾಸಿವೆಯನ್ನೂ ಅದೇ ದಿನ, ಅದೇ ಗೊಬ್ಬರ ಕೊಟ್ಟು ಬಿತ್ತಿ, ಹೋಲಿಸಲು ಏನಾದರೂ ಬೇಕಲ್ಲ. ಹೊಸದನ್ನು ಒಂದು ಮೂಲೆಗೆ, ಹಳೆಯದನ್ನು ಇನ್ನೊಂದು ಮೂಲೆಗೆ ಹಾಕದೆ ಸಾಲು ಬಿಟ್ಟು ಸಾಲು ಹಾಕಿ. ಬೀಜ ಕೊಡುವವರನ್ನು "ರೋಗ ನಿರೋಧಕವಾ?" ಅಂತ ಕೇಳಬೇಡಿ, ಎಲ್ಲರೂ ಹೌದು ಅಂತಾರೆ. ಯಾವ ರೋಗಕ್ಕೆ, ಯಾವ ಊರಲ್ಲಿ ನೋಡಿದ್ದು, ಪಕ್ಕದಲ್ಲಿ ರೋಗಕ್ಕೆ ಬೀಳುವ ತಳಿ ಇತ್ತಾ, ಅದಕ್ಕೆ ರೋಗ ಬಂದಿತ್ತಾ ಅಂತ ಕೇಳಿ.

ಕಾಂಡ ಕೊಳೆಯ ವಿಷಯದಲ್ಲಿ ಮಾತ್ರ ನಾಲೆ ಬಯಲಿನವರಿಗೆ ಒಂದು ಅನುಕೂಲ ಇದೆ. ಆ ಶಿಲೀಂಧ್ರ ಸೂರ್ಯಕಾಂತಿ, ಹುರುಳಿಕಾಯಿ, ಎಲೆಕೋಸು ಅಂತ ನೂರಾರು ಬಗೆಯ ಗಿಡಕ್ಕೆ ಹತ್ತುತ್ತದೆ, ಆದರೆ ರಾಗಿ, ಭತ್ತ, ಜೋಳದಂತಹ ಹುಲ್ಲಿನ ಜಾತಿಯ ಬೆಳೆಗಳ ಗೊಡವೆಗೆ ಹೋಗುವುದಿಲ್ಲ. ಅದರ ಕಪ್ಪು ಗಂಟುಗಳು ನೀರು ನಿಂತ ಗದ್ದೆಯಲ್ಲಿ ವಾರಗಟ್ಟಲೆ ಮುಳುಗಿದ್ದರೆ ಬಹುಪಾಲು ಕೊಳೆತು ಸಾಯುತ್ತವೆ. ಮುಂಗಾರಿನಲ್ಲಿ ಭತ್ತ ಕಟ್ಟಿದ ಗದ್ದೆಯಲ್ಲಿ ಹಿಂಗಾರಿಗೆ ಸಾಸಿವೆ ಹಾಕಿದರೆ, ಯಾವ ತಳಿಯಲ್ಲೂ ಪೂರ್ತಿ ಸಿಗದ ನಿರೋಧಕ ಶಕ್ತಿಯ ಒಂದು ಪಾಲಿನ ಕೆಲಸವನ್ನು ಆ ನೀರೇ ಮಾಡಿ ಮುಗಿಸಿರುತ್ತದೆ.